ಟಾಪ್ ಫ್ಲೋರ್ ಮನೆ, ರಾತ್ರಿ ಹನ್ನೊಂದಾದರೂ ಸೆಕೆ ಇಳಿಯುತ್ತಿಲ್ಲ. ಅತ್ತೆಗೆ ನಿದ್ದೆಯೇ ಇಲ್ಲ, ಏನು ಮಾಡಲಿ?

ಹೆಗ್ಗನಹಳ್ಳಿ ಸೊಸೆ

ಎಲ್ಲರಿಗೂ ನಮಸ್ಕಾರ. ನಾವು ಬೆಂಗಳೂರಿನ ಹೆಗ್ಗನಹಳ್ಳಿಯಲ್ಲಿ ಮೂರನೇ ಮಹಡಿಯಲ್ಲಿ ಬಾಡಿಗೆಗೆ ಇದ್ದೇವೆ. 20-30 ಸೈಟು. ತಲೆ ಮೇಲೆ ಬರೀ ಆರ್‌ಸಿಸಿ, ಅದರ ಮೇಲೆ ಸಿಂಟೆಕ್ಸು. ಎರಡೂ ಪಕ್ಕದ ಮನೆಗಳು ಗೋಡೆಗೆ ಗೋಡೆ ಅಂಟಿಕೊಂಡಿವೆ. ಇರುವುದು ಎರಡೇ ಕಿಟಕಿ. ರಸ್ತೆ ಕಡೆಗೆ ಒಂದು, ಹಿಂದೆ ಡಕ್ಟ್ (ಗಾಳಿ-ಬೆಳಕಿಗೆ ಬಿಟ್ಟ ಕಿರಿದಾದ ಸಂದು) ಕಡೆಗೆ ಒಂದು. ಮಧ್ಯಾಹ್ನ ನಲ್ಲಿ ನೀರಿಗೆ ಕೈ ಇಡುವ ಹಾಗಿಲ್ಲ.

ಮಾವ ತೀರಿಕೊಂಡ ಮೇಲೆ ಅತ್ತೆಯನ್ನು ತೀರ್ಥಹಳ್ಳಿ ಕಡೆಯಿಂದ ಇಲ್ಲಿಗೆ ಕರೆದುಕೊಂಡು ಬಂದೆವು. ಎಪ್ಪತ್ತು ದಾಟಿದೆ. ಬಿಪಿಗೆ ದಿನಾ ಮಾತ್ರೆ ತೆಗೆದುಕೊಳ್ಳುತ್ತಾರೆ. ಊರಲ್ಲಿ ತೋಟ ಸುತ್ತಿ ಅಡಿಕೆ ಹಾಳೆ ಹೆಕ್ಕಿ ತರುತ್ತಿದ್ದವರು ಈಗ ಸೋಫಾ ಬಿಟ್ಟು ಏಳುವುದಿಲ್ಲ. ಮಾರ್ಚ್ ಶುರುವಾದಾಗಿನಿಂದ ರಾತ್ರಿ ನಿದ್ದೆ ಇಲ್ಲ. ಎರಡು ಗಂಟೆಗೆ ನೋಡಿದರೆ ಬಾತ್‌ರೂಮಿನ ನೆಲದ ಮೇಲೆ ಕೂತಿರುತ್ತಾರೆ. ಅಲ್ಲಿ ತಣ್ಣಗಿರುತ್ತದಂತೆ. ಬೆಳಿಗ್ಗೆ ಎದ್ದರೆ ತಲೆಸುತ್ತು. ಸಂಜೆ ಆದ ಮೇಲೆ ನೀರು ಮುಟ್ಟುವುದಿಲ್ಲ, ರಾತ್ರಿ ಏಳಬೇಕಾಗುತ್ತದೆ ಅಂತ.

ನಮ್ಮನೆಯವರು ಬಳ್ಳಾರಿಯಲ್ಲಿ ಓದಿದವರು. "ಬೆಂಗಳೂರಿನದೂ ಒಂದು ಸೆಕೆನಾ, ಆ್ಯಪ್‌ನಲ್ಲಿ ನೋಡು, 25 ಇದೆ" ಅಂತಾರೆ. ನನಗೆ ರೇಗಿ ಗೋಡೆಗೆ ಹಾಕುವ ಒಂದು ಥರ್ಮಾಮೀಟರ್ ತಂದೆ. ರಾತ್ರಿ ಹನ್ನೊಂದಕ್ಕೆ ಅತ್ತೆ ಮಲಗುವ ರೂಮಿನಲ್ಲಿ 32. ಅದೇ ಹೊತ್ತಿಗೆ ಆ್ಯಪ್‌ನಲ್ಲಿ 25. ಇದರಲ್ಲಿ ಯಾವುದು ಸುಳ್ಳು?

ಎಸಿ ಆಗುವುದಿಲ್ಲ. ಈ ವೈರಿಂಗ್ ಲೋಡ್ ತಡೆಯಲ್ಲ ಅಂತ ಓನರ್ ಹೇಳಿದ್ದಾರೆ. ಮನೆ ಬದಲಿಸೋಣ ಎಂದರೆ ಮಕ್ಕಳ ಸ್ಕೂಲು, ಅಡ್ವಾನ್ಸು. ದಯವಿಟ್ಟು "ಊರಿಗೆ ಕಳಿಸಿ" ಎಂದು ಮಾತ್ರ ಹೇಳಬೇಡಿ. ಅಲ್ಲಿ ಅವರನ್ನು ನೋಡಿಕೊಳ್ಳುವವರು ಯಾರೂ ಇಲ್ಲ.

ಕಲಬುರಗಿ ಬಿಸಿಲು

ಅಕ್ಕಾವ್ರೇ, ನಿಮ್ಮ ಯಜಮಾನರ ಮಾತು ಕೇಳಿ ನಗು ಬಂತು. ಬಳ್ಳಾರಿ, ಕಲಬುರಗಿಯವರು ಎಲ್ಲರಿಗೂ ಹೀಗೇ ಹೇಳುತ್ತೇವೆ ಬಿಡ್ರಿ. ಆದರೆ ಒಂದು ಮಾತು. ನಮ್ಮಲ್ಲಿ 42-43 ಆದರೂ ಬದುಕುತ್ತೇವೆ ಎಂದರೆ, ಬದುಕುವ ರೀತಿಯನ್ನೇ ಬಿಸಿಲಿಗೆ ಹೊಂದಿಸಿಕೊಂಡಿದ್ದೇವೆ. ಏಪ್ರಿಲ್-ಮೇನಲ್ಲಿ ಸರ್ಕಾರಿ ಆಫೀಸು ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1:30ಕ್ಕೆ ಮುಗಿಯುವ ಪದ್ಧತಿ ಇದೆ. ಹಳೆಯ ಮನೆಗಳ ಗೋಡೆ ಮೊಳ ದಪ್ಪ, ಮೇಲೆ ಮಣ್ಣಿನ ಮಾಳಿಗೆ. ನಮ್ಮ ಅಜ್ಜಿ ಕೊನೆತನಕ ಬೇಸಿಗೆಯಲ್ಲಿ ಅಂಗಳದಲ್ಲೇ ಮಲಗಿದರು. ನಿಮ್ಮ ಅತ್ತೆಯವರಿಗೆ ಅಂಗಳ ಎಲ್ಲಿದೆ? ಬೆಂಗಳೂರಿನ ಮನೆಗಳನ್ನು ಬಿಸಿಲೇ ಬರುವುದಿಲ್ಲ ಅಂದುಕೊಂಡು ಕಟ್ಟಿದ್ದಾರೆ. 32ರ ರೂಮಿನಲ್ಲಿ ನಮ್ಮವರಿಗೂ ನಿದ್ದೆ ಬರಲ್ಲ, ನಿಮ್ಮ ಯಜಮಾನರಿಗೆ ಹೇಳ್ರಿ.

ಜಯನಗರದ ಹಳಬ

ನಮ್ಮ ರಸ್ತೆಯಲ್ಲಿ ಎರಡೂ ಕಡೆ ಮರ ಇದೆ. ಏಪ್ರಿಲ್‌ನಲ್ಲೂ ಬೆಳಗಿನ ಜಾವ ಹೊದಿಕೆ ಎಳೆದುಕೊಳ್ಳುತ್ತೇವೆ. ಬೆಂಗಳೂರಿನ ರಸ್ತೆ ಮರಗಳ ಬಗ್ಗೆ 2013ರಲ್ಲಿ ಒಂದು ಅಧ್ಯಯನ ಪ್ರಕಟವಾಗಿತ್ತು. ಮರ ಇರುವ ಕಡೆ ಮಧ್ಯಾಹ್ನದ ಗಾಳಿ 5.6 ಡಿಗ್ರಿವರೆಗೂ ತಂಪು, ಡಾಂಬರಿನ ಮೈ 27.5 ಡಿಗ್ರಿವರೆಗೂ ತಂಪು. ಎಲ್ಲರೂ ಗಿಡ ನೆಡಬೇಕು, ಅದೊಂದೇ ದಾರಿ.

ಹೆಗ್ಗನಹಳ್ಳಿ ಸೊಸೆ

ಸರ್, ನಮ್ಮ ರಸ್ತೆಯಲ್ಲಿ ಎರಡು ಬೈಕ್ ಎದುರುಬದುರಾದರೆ ಒಂದು ಹಿಂದಕ್ಕೆ ಹೋಗಬೇಕು. ಗಿಡ ಎಲ್ಲಿ ನೆಡಲಿ ಹೇಳಿ. ನೆಟ್ಟರೂ ಅದು ನೆರಳು ಕೊಡುವ ಹೊತ್ತಿಗೆ ಅತ್ತೆಗೆ ಎಷ್ಟು ವಯಸ್ಸಾಗಿರುತ್ತದೆ?

ಮೇಸ್ತ್ರಿ ಮಾತು

ಅಮ್ಮಾ, ನಾನು ಇಂಥ ಮನೆಗಳನ್ನು ಕಟ್ಟಿಸುವವನೇ. ಕಾಮಾಕ್ಷಿಪಾಳ್ಯ, ಲಗ್ಗೆರೆ, ನಿಮ್ಮ ಹೆಗ್ಗನಹಳ್ಳಿ ಕಡೆಯೇ ನನ್ನ ಕೆಲಸ ಜಾಸ್ತಿ. ಹಾಗಾಗಿ ಗೊತ್ತಿದ್ದು ಹೇಳುತ್ತೇನೆ.

ನಿಮ್ಮ ಎರಡು ನಂಬರೂ ಸುಳ್ಳಲ್ಲ. ಹವಾಮಾನ ಇಲಾಖೆಯವರು ಅಳೆಯುವುದು ಹೊರಗಿನ ಗಾಳಿಯನ್ನು. ಬಯಲಲ್ಲಿ, ನೆರಳಿರುವ ಬಿಳಿ ಮರದ ಪೆಟ್ಟಿಗೆಯೊಳಗೆ. ನೀವು ಅಳೆದಿದ್ದು ಬಿಸಿಯಾದ ಸ್ಲ್ಯಾಬಿನ ಕೆಳಗಿನ ರೂಮನ್ನು. ಐದು ಇಂಚಿನ ಸ್ಲ್ಯಾಬ್ ಇಡೀ ದಿನ ಬಿಸಿಲು ಕುಡಿಯುತ್ತದೆ. ಮೇಲಿನ ಬಿಸಿ ಒಳಗಿನ ಸೀಲಿಂಗಿಗೆ ಇಳಿಯಲು ಮೂರ್ನಾಲ್ಕು ಗಂಟೆ ಬೇಕು. ಹೊರಗೆ ಸಂಜೆ ತಂಪಾಗುವಾಗ ನಿಮ್ಮ ಸೀಲಿಂಗ್ ಬಿಸಿ ಏರುತ್ತಿರುತ್ತದೆ. ಸ್ಟವ್ ಆರಿಸಿದ ಮೇಲೂ ಕಾವಲಿ ದೋಸೆ ಬೇಯಿಸುವ ಹಾಗೆ. ಅದರ ಕೆಳಗೆ ಫ್ಯಾನ್ ಹಾಕಿದರೆ ಆ ಬಿಸಿಯನ್ನೇ ತಳ್ಳುತ್ತದೆ. ಪಕ್ಕದ ಗೋಡೆಗಳೂ ಹೀಗೇ. ಎಲ್ಲರ ಮನೆ ಅಂಟಿಕೊಂಡಿರುವುದರಿಂದ ಬಿಸಿ ಹೊರಗೆ ಹೋಗಲು ದಾರಿ ಇಲ್ಲ.

ನಗರಕ್ಕೆ ಬಿಸಿಗಾಳಿ ಎಚ್ಚರಿಕೆ ಬಂದಾಗ ನೋಡಿಕೊಳ್ಳೋಣ ಅಂತ ಕಾಯಬೇಡಿ. ಬಯಲು ಸೀಮೆಯ ಲೆಕ್ಕದಲ್ಲಿ ಬಿಸಿಗಾಳಿ ಎನ್ನಲು 40 ಮುಟ್ಟಬೇಕು. ಬೆಂಗಳೂರು ನಗರದ ದಾಖಲೆಯೇ 39.2, ಅದು 2016ರ ಏಪ್ರಿಲ್‌ನಲ್ಲಿ. 2024ರ ಏಪ್ರಿಲ್ ಕೊನೆಯಲ್ಲಿ 38.5 ಆಗಿತ್ತು. ಇಲಾಖೆಯ ನಂಬರಿಗೂ ನಿಮ್ಮ ಸ್ಲ್ಯಾಬಿಗೂ ಸಂಬಂಧ ಇಲ್ಲ.

ಈಗ ಕೆಲಸಕ್ಕೆ ಬರೋಣ. ತಾರಸಿಗೆ ಸುಣ್ಣ ಹೊಡೆಸಿ. ಸುಣ್ಣದ ಪುಡಿ, ಸ್ವಲ್ಪ ಬಿಳಿ ಸಿಮೆಂಟು, ಹಿಡಿದುಕೊಳ್ಳಲು ಫೆವಿಕಾಲ್. ಮೊದಲು ತಾರಸಿ ಗುಡಿಸಿ, ಪಾಚಿ ಕೆರೆದು, ನೀರು ಚಿಮುಕಿಸಿ, ಬಿಸಿಲು ಇಳಿದ ಮೇಲೆ ಎರಡು ಕೋಟ್. ಎರಡನೆಯದು ಅಡ್ಡಡ್ಡ. ಬಿಳಿ ತಾರಸಿ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಒಳಗೆ 2ರಿಂದ 5 ಡಿಗ್ರಿ ಇಳಿಯುತ್ತದೆ ಎನ್ನುವುದು ಸಾಮಾನ್ಯ ಲೆಕ್ಕ. ಇದು ನನ್ನ ಉಪಾಯ ಅಲ್ಲ. ಅಹಮದಾಬಾದಿನಲ್ಲಿ 2010ರ ಮೇನಲ್ಲಿ ಸೆಕೆಗೆ ತುಂಬ ಜನ ಸತ್ತರು. ಆಮೇಲೆ 2013ರಲ್ಲಿ ಅಲ್ಲಿನ ಪಾಲಿಕೆ ಸೆಕೆ ಎದುರಿಸಲು ಒಂದು ಯೋಜನೆಯನ್ನೇ ಮಾಡಿತು. ಬಡವರ ಮನೆಗಳ ಸೂರಿಗೆ ಬಿಳಿ ಬಳಿಯುವುದನ್ನೂ ಅಲ್ಲಿ ಮಾಡಿದರು. ಮಳೆಗಾಲದಲ್ಲಿ ಸುಣ್ಣ ತೊಳೆದು ಹೋಗುತ್ತದೆ, ನಿಜ. ಪ್ರತಿ ಫೆಬ್ರವರಿಯಲ್ಲಿ ಮತ್ತೆ ಹೊಡೆಯಬೇಕು. ಇದು ಎಸಿ ಖರ್ಚಿನ ಹತ್ತಿರಕ್ಕೂ ಬರಲ್ಲ.

ಶೇಡ್ ನೆಟ್ ಕಟ್ಟುವುದಾದರೆ ತಾರಸಿಯಿಂದ ಆಳೆತ್ತರಕ್ಕೆ ಕಟ್ಟಿ. ಕೆಳಗೆ ಗಾಳಿ ಆಡಬೇಕು. ಸಂಜೆ ತಾರಸಿಗೆ ನೀರು ಹಾಕಿ ಎನ್ನುವವರೂ ಇದ್ದಾರೆ. 2024ರಲ್ಲಿ ಕಾರು ತೊಳೆಯಲು, ಗಿಡಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದಿದ್ದ ಊರು ಇದು. ಬಟ್ಟೆ ಜಾಲಿಸಿದ ಕೊನೆಯ ನೀರಿದ್ದರೆ ಹಾಕಿ, ಕಾವೇರಿ ನೀರು ಬೇಡ.

ಇವತ್ತು ರಾತ್ರಿಯೇ ಮಾಡಬಹುದಾದ್ದು ಒಂದಿದೆ. ಹೊರಗೆ 25ರ ಗಾಳಿ ಇದೆಯಲ್ಲ, ಅದನ್ನು ಒಳಗೆ ತನ್ನಿ. ರೂಮಿನ ಬಾಗಿಲು, ರಸ್ತೆ ಕಡೆಯ ಕಿಟಕಿ ತೆರೆದಿಡಿ. ಡಕ್ಟ್ ಕಡೆ ಕಿಟಕಿಯಲ್ಲಿ ಟೇಬಲ್ ಫ್ಯಾನನ್ನು ಹೊರಗೆ ಮುಖ ಮಾಡಿ ಇಡಿ. ಒಳಗಿನ ಬಿಸಿ ಗಾಳಿ ಆಚೆ ಹೋದರೆ ರಸ್ತೆ ಕಡೆಯಿಂದ ತಣ್ಣನೆಯದು ತಾನಾಗಿ ಬರುತ್ತದೆ. ಹಗಲು ಹತ್ತರಿಂದ ಸಂಜೆವರೆಗೆ ಕಿಟಕಿ ಮುಚ್ಚಿ, ಹೊರಗಡೆಯಿಂದ ಬಟ್ಟೆ ಇಳಿಬಿಡಿ. ಒಳಗಿನ ಕರ್ಟನ್ ಅಷ್ಟು ಉಪಯೋಗ ಇಲ್ಲ, ಬಿಸಿಲು ಆಗಲೇ ಒಳಗೆ ಬಂದುಬಿಟ್ಟಿರುತ್ತದೆ.

ವಾರ್ಡ್ ಸಿಸ್ಟರ್

ಮೇಸ್ತ್ರಿಯವರು ಮನೆಯದು ಹೇಳಿದರು, ನಾನು ಅತ್ತೆಯವರದು ಹೇಳುತ್ತೇನೆ. ಬೇಸಿಗೆಯಲ್ಲಿ ನಮ್ಮ ವಾರ್ಡಿಗೆ ಇಂಥ ಅಜ್ಜಿಯರು ಬರುತ್ತಲೇ ಇರುತ್ತಾರೆ. ಬಿಸಿಲಿಗೇ ಹೋಗಿಲ್ಲ, ಇದು ಹೇಗಾಯಿತು ಅಂತ ಮನೆಯವರು ಕೇಳುತ್ತಾರೆ.

ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದು ಕಡಿಮೆ, ಬೆವರುವುದೂ ಕಡಿಮೆ. ಮೈ ತಣಿಸಲು ರಕ್ತ ಚರ್ಮದ ಕಡೆಗೆ ಹರಿಯಬೇಕು, ಅದಕ್ಕೆ ಹೃದಯ ಜಾಸ್ತಿ ಕೆಲಸ ಮಾಡಬೇಕು. ಹಗಲು ದಣಿದ ಮೈಗೆ ರಾತ್ರಿ ಬಿಡುವು ಸಿಗಬೇಕು, ಅದು ಸಿಗುತ್ತಿಲ್ಲ. ನಿಮ್ಮ ರೂಮಿನ 32 ನನಗೆ ಮಧ್ಯಾಹ್ನದ 38ಕ್ಕಿಂತ ಜಾಸ್ತಿ ಚಿಂತೆ ತರುತ್ತದೆ.

ಅವರ ಬಿಪಿ ಮಾತ್ರೆಯ ಸ್ಟ್ರಿಪ್ ನೋಡಿ. ಹೆಸರಿನ ಕೊನೆಗೆ ಎಚ್ ಅಂತ ಇದ್ದರೆ ಹೆಚ್ಚಾಗಿ ಅದರಲ್ಲಿ ಹೈಡ್ರೋಕ್ಲೋರೋಥಿಯಾಜೈಡ್ ಸೇರಿರುತ್ತದೆ. ಅದು ಮೂತ್ರದ ಮೂಲಕ ನೀರು, ಉಪ್ಪು ಹೊರಹಾಕುವ ಔಷಧಿ. ನೀರು ಕುಡಿಯದೆ, ಊಟ ಕಡಿಮೆ ಮಾಡಿ, ಮೇಲೆ ಆ ಮಾತ್ರೆಯನ್ನೂ ತೆಗೆದುಕೊಂಡರೆ ಬೆಳಿಗ್ಗೆ ಎದ್ದಾಗ ಬಿಪಿ ಬೀಳಬಹುದು. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಒಮ್ಮೆ ಬಿಪಿ ನೋಡಿಸಿ. ಮೇಲಿನ ನಂಬರು 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಡಾಕ್ಟರಿಗೆ ತಪ್ಪದೆ ಹೇಳಿ. ಇಳಿಯದಿದ್ದರೂ ತಲೆಸುತ್ತಿನ ವಿಷಯ ಅವರಿಗೆ ತಿಳಿದಿರಲಿ. ಸೆಕೆಗಾಲದಲ್ಲಿ ಡೋಸ್ ಬದಲಿಸಬೇಕಾ ಅಂತ ಅವರೇ ನೋಡುತ್ತಾರೆ.

ಹೃದಯ, ಕಿಡ್ನಿ ತೊಂದರೆ ಇಲ್ಲದಿದ್ದರೆ ದಿನದ ನೀರನ್ನು ಬೆಳಿಗ್ಗೆಯಿಂದ ಸಂಜೆ ಏಳರೊಳಗೆ ಕುಡಿಸಿ. ಕೇಳಿದರೆ ಬೇಡ ಎನ್ನುತ್ತಾರೆ, ಕೇಳಬೇಡಿ, ಲೋಟ ಕೈಗೆ ಕೊಡಿ. ಉಪ್ಪು ಕಡಿಮೆ ಹಾಕಿದ ನೀರು ಮಜ್ಜಿಗೆ ಒಳ್ಳೆಯದು. ಒಆರ್‌ಎಸ್‌ನಲ್ಲಿ ಉಪ್ಪು ಇರುತ್ತದೆ, ಬಿಪಿ ಇರುವವರಿಗೆ ದಿನಾ ಸುಮ್ನೆ ಕೊಡಬೇಡಿ. ಮಲಗುವ ಮುಂಚೆ ಒದ್ದೆ ಟವೆಲಿನಿಂದ ತೋಳು, ಕತ್ತು ಒರೆಸಿ ಫ್ಯಾನ್ ಹಾಕಿ.

ಬಾತ್‌ರೂಮಿನ ನೆಲದ ಮೇಲೆ ಕೂರುತ್ತಾರೆ ಎಂದಿರಲ್ಲ, ನನಗೆ ಅದೇ ಹೆದರಿಕೆ. ಒದ್ದೆ ನೆಲ, ಅರೆನಿದ್ದೆ, ತಲೆಸುತ್ತು. ಸೊಂಟದ ಮೂಳೆ ಮುರಿದರೆ ಆಮೇಲೆ ಎಲ್ಲವೂ ಬೇರೆಯೇ. ನೀರು ಒತ್ತಿ ತೆಗೆದ ಬಟ್ಟೆಯಿಂದ ಹಾಲ್ ನೆಲ ಒರೆಸಿ, ಚಾಪೆ ಹಾಕಿ ಅಲ್ಲೇ ಮಲಗಿಸಿ. ನೈಟ್ ಲ್ಯಾಂಪ್ ಉರಿಯುತ್ತಿರಲಿ.

ಮಾತು ತೊದಲುವುದು, ತಬ್ಬಿಬ್ಬಾಗುವುದು, ಮೈ ಕೆಂಡದಂತೆ ಸುಡುವುದು ಕಂಡರೆ 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವವರೆಗೆ ಮೈಮೇಲೆ ನೀರು ಸುರಿದು ಗಾಳಿ ಹಾಕಿ. ಎಚ್ಚರ ಇಲ್ಲದಿದ್ದರೆ ಬಾಯಿಗೆ ನೀರು ಹಾಕಲೇಬೇಡಿ.

ಇನ್ನೊಂದು. ತಾರಸಿಯಲ್ಲಿ ಡ್ರಮ್ಮಿನಲ್ಲಿ ನೀರು ಹಿಡಿದಿಡುತ್ತೀರಾ? ನೀರಿನ ಅಭಾವ ಬಂದಾಗ ಎಲ್ಲರೂ ಇಡುತ್ತಾರೆ, ಡೆಂಗಿ ಸೊಳ್ಳೆ ಅಲ್ಲೇ ಮರಿ ಮಾಡುತ್ತದೆ. 2024ರ ಸೆಪ್ಟೆಂಬರಿನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿದ್ದು ನೆನಪಿರಬೇಕು. ವಾರಕ್ಕೊಮ್ಮೆ ಖಾಲಿ ಮಾಡಿ ಒಳಗೋಡೆ ಉಜ್ಜಿ. ಮೊಟ್ಟೆ ಗೋಡೆಗೆ ಅಂಟಿರುತ್ತದೆ, ನೀರು ಚೆಲ್ಲಿದರೆ ಸಾಲದು. ಕಿಟಕಿ ತೆರೆದಿಡಲು ಹೇಳಿದ್ದಾರೆ, ಮೆಶ್ ಹಾಕಿಸಿ.

ಹೆಗ್ಗನಹಳ್ಳಿ ಸೊಸೆ

ಸಿಸ್ಟರ್, ಮಾತ್ರೆ ಹೆಸರಿನ ಕೊನೆಗೆ ಎಚ್ ಇದೆ. ನಾಳೆಯೇ ಕರೆದುಕೊಂಡು ಹೋಗುತ್ತೇನೆ. ಡ್ರಮ್ ಎರಡಿವೆ, ಒಂದಕ್ಕೆ ಮುಚ್ಚಳ ಇಲ್ಲ.

ಫ್ಯಾನನ್ನು ಡಕ್ಟ್ ಕಡೆ ತಿರುಗಿಸಿ ನೋಡಿದೆವು. ರಾತ್ರಿ ಹನ್ನೊಂದಕ್ಕೆ 29ಕ್ಕೆ ಇಳಿಯಿತು. ನಮ್ಮನೆಯವರೇ ಥರ್ಮಾಮೀಟರ್ ಹಿಡಿದುಕೊಂಡು ಓಡಾಡುತ್ತಿದ್ದಾರೆ ಈಗ. ಆದರೆ ಡಕ್ಟಿನಿಂದ ಕೆಳಗಿನ ಮನೆಯ ಒಗ್ಗರಣೆ ವಾಸನೆ ಬರುತ್ತದೆ. ಓನರ್ ಸುಣ್ಣ ಹೊಡೆಸಲು ಒಪ್ಪಿದರು, ಖರ್ಚು ಮಾತ್ರ ನಮ್ಮದಂತೆ. ಮೇಸ್ತ್ರಿಯವರೇ, ನಾವೇ ಹೊಡೆದುಕೊಳ್ಳಬಹುದಾ?

ಮೇಸ್ತ್ರಿ ಮಾತು

ಧಾರಾಳವಾಗಿ. ಖರ್ಚಿನಲ್ಲಿ ಅರ್ಧ ಬಾಡಿಗೆಯಲ್ಲಿ ಹಿಡಿದುಕೊಳ್ಳಿ ಅಂತ ಕೇಳಿ, ಕೊಡಲೇಬೇಕು ಅಂತೇನಿಲ್ಲ, ಕೇಳಿದರೆ ತಪ್ಪಿಲ್ಲ. ತಾರಸಿ ಅವರದು, ಬಿಸಿಲಿಗೆ ಬಿರುಕು ಬಿಡುವುದೂ ಕಡಿಮೆಯಾಗುತ್ತದೆ. ವಾಸನೆ ಬಂದರೆ ಕೆಳಗಿನವರ ಅಡುಗೆ ಮುಗಿದ ಮೇಲೆ ಫ್ಯಾನ್ ಹಾಕಿ. ಸಿಂಟೆಕ್ಸಿನ ಓವರ್‌ಫ್ಲೋ ಪೈಪ್ ತಾರಸಿ ಮೇಲೆ ಸುರಿಯುತ್ತಿದ್ದರೆ ಮೊದಲು ಅದನ್ನು ಸರಿ ಮಾಡಿಸಿ, ಇಲ್ಲದಿದ್ದರೆ ಆ ಜಾಗ ಮತ್ತೆ ಪಾಚಿ ಕಟ್ಟಿ ಕಪ್ಪಾಗುತ್ತದೆ. ಸುಣ್ಣ ಕಲಸುವಾಗ ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಮಕ್ಕಳನ್ನು ಮೇಲೆ ಬಿಡಬೇಡಿ.