ಸೀಜ್ ಆದ ಔಟ್‌ಬೋರ್ಡ್ ಎಂಜಿನ್: ರೀಬಿಲ್ಡ್ ಮಾಡಿಸೋದಾ, ಬಿಡೋದಾ?

ದೋಣಿಪ್ರಿಯ:
ದೋಣಿಯ ಹಿಂಬದಿಗೆ ತಗುಲಿಸುವ ಔಟ್‌ಬೋರ್ಡ್, 40 ಎಚ್‌ಪಿ, ಮೂರು ಸಿಲಿಂಡರ್, ಟೂ ಸ್ಟ್ರೋಕ್ ಎಂಜಿನ್. ಓಡುತ್ತಿರುವಾಗಲೇ ಬಿಸಿಯಾಗಿ ಸೀಜ್ ಆಯಿತು, ಅಂದರೆ ಪಿಸ್ಟನ್ ಕಚ್ಚಿಕೊಂಡು ನಿಂತುಹೋಯಿತು. ತಣ್ಣಗಾದ ಮೇಲೆ ಸ್ಟಾರ್ಟ್ ಆಗುತ್ತದೆ, ಆದರೆ ಎಳೆತವೇ ಇಲ್ಲ, ನಿಧಾನಕ್ಕೆ ಬಿಟ್ಟರೆ ಒಂದೇ ಸಮನೆ ನಡುಗುತ್ತದೆ. ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನೋಡಿಸಿದೆ: ಮೇಲಿನ ಸಿಲಿಂಡರ್‌ನದು 65 ಪಿಎಸ್‌ಐ, ನಡುವಿನದು 118, ಕೆಳಗಿನದು 120. ಡೀಲರ್ ಹೊಸದು ತಗೊಳ್ಳಿ ಅಂತಾರೆ. ಒಂದು ವರ್ಕ್‌ಶಾಪ್‌ನವರು ಒಂದು ಪಿಸ್ಟನ್, ರಿಂಗ್ ಹಾಕಿದರೆ ಸಾಕು ಅಂತಾರೆ. ದೋಣಿ ಇನ್ನೂ ಗಟ್ಟಿಯಾಗಿದೆ, ಈ ಎಂಜಿನ್ ಮೇಲೂ ನನಗೆ ಪ್ರೀತಿ ಇದೆ. ಯಾರ ಮಾತು ನಂಬಲಿ?

ಅಲೆಗಾರ:
ಸದ್ಯಕ್ಕೆ ಇಬ್ಬರ ಮಾತೂ ಬೇಡ, ಯಾಕೆಂದರೆ ಇಬ್ಬರೂ ಹೆಡ್ (ಸಿಲಿಂಡರ್‌ಗಳ ಮುಚ್ಚಳ) ಬಿಚ್ಚಿ ನೋಡಿಲ್ಲ. ಮೊದಲು ಕಂಪ್ರೆಷನ್ ಇನ್ನೊಮ್ಮೆ ನೋಡಿಸಿ. ಎಲ್ಲ ಪ್ಲಗ್ ತೆಗೆದಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು. ಆಮೇಲೆ ಹೆಡ್ ಬಿಚ್ಚಿಸಿ. ಕೆಲವೊಮ್ಮೆ ಹೋಗಿರುವುದು ಹೆಡ್ ಕೂಡುವಲ್ಲಿನ ಸೀಲ್, ಅಂದರೆ ಗ್ಯಾಸ್ಕೆಟ್ ಮಾತ್ರ. ಸಿಲಿಂಡರ್ ಗೋಡೆಗೆ ಪಿಸ್ಟನ್ನಿನ ಅಲ್ಯೂಮಿನಿಯಂ ಮೆತ್ತಿಕೊಂಡಿದ್ದರೆ ತೆಗೆದು ಹೋನ್ ಮಾಡಬಹುದು (ಗೋಡೆಯನ್ನು ಸಣ್ಣಗೆ ಉಜ್ಜುವುದು). ಉಗುರಿಗೆ ಸಿಗುವಷ್ಟು ಆಳದ ಗೀರು ಇದ್ದರೆ ಬೋರ್ ಮಾಡಿಸಲೇಬೇಕು, ಅಂದರೆ ಸಿಲಿಂಡರ್ ಕೊರೆದು ದೊಡ್ಡದು ಮಾಡಿಸಬೇಕು, ಆಗ ಆ ಅಳತೆಯ ಓವರ್‌ಸೈಜ್ (ಸ್ವಲ್ಪ ದೊಡ್ಡ) ಪಿಸ್ಟನ್ ಸಿಗುತ್ತದಾ ಅಂತ ಮೊದಲೇ ಕೇಳಿಕೊಳ್ಳಿ. ಕೆಲವು ಎಂಜಿನ್‌ಗಳ ಬೋರ್‌ಗೆ (ಸಿಲಿಂಡರ್ ಒಳಗೋಡೆಗೆ) ಗಟ್ಟಿ ಲೇಪನ ಇರುತ್ತದೆ, ಅವನ್ನು ಸುಮ್ನೆ ಕೊರೆದು ದೊಡ್ಡದು ಮಾಡಲು ಬರುವುದಿಲ್ಲ.

ಹಳೇಮೆಕ್ಯಾನಿಕ್:
ಒಂದು ಪಿಸ್ಟನ್ ಹಾಕಿ ಮುಚ್ಚುವುದು ನನಗೆ ಒಪ್ಪಿಗೆ ಇಲ್ಲ. ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್, ಆಯಿಲ್ ಎಲ್ಲ ಕ್ರ್ಯಾಂಕ್‌ಕೇಸ್ (ಪಿಸ್ಟನ್ ಕೆಳಗೆ ಕ್ರ್ಯಾಂಕ್ ತಿರುಗುವ ಪೆಟ್ಟಿಗೆ) ಮೂಲಕವೇ ಹಾದು ಹೋಗುತ್ತದೆ. ಪಿಸ್ಟನ್ ತಿಕ್ಕಿ ಉದುರಿದ ಲೋಹದ ಪುಡಿ ಅಲ್ಲಿಗೆ ಬಿದ್ದಿದ್ದರೆ ನೇರ ಬೇರಿಂಗ್‌ಗೆ ಹೋಗುತ್ತದೆ. ಕೇಸ್ ಬಿಡಿಸಿ, ತೊಳೆದು, ಬೇರಿಂಗ್ ನೋಡಿ, ಉಳಿದ ಎರಡು ಬೋರ್ ಅಳೆದು ಕೊಡುವವರಿಗೆ ಮಾತ್ರ ಕೊಡಿ.

ಅದಕ್ಕಿಂತ ಮುಖ್ಯ ಇನ್ನೊಂದಿದೆ. ಇದು ಯಾಕೆ ಬಿಸಿಯಾಯಿತು? ವಾಟರ್ ಪಂಪಿನ ಇಂಪೆಲ್ಲರ್ (ನೀರು ತಳ್ಳುವ ರಬ್ಬರ್ ರೆಕ್ಕೆಗಳ ಚಕ್ರ) ಹೋಗಿತ್ತಾ, ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ನೀರು ಬಿಡುವ ಕವಾಟ) ಅಂಟಿಕೊಂಡಿತ್ತಾ, ನೀರಿನ ದಾರಿ ಉಪ್ಪಿನಿಂದ ಕಟ್ಟಿತ್ತಾ? ಅಥವಾ ಮೇಲಿನ ಕಾರ್ಬುರೇಟರ್ ಜೆಟ್ (ಪೆಟ್ರೋಲ್ ಬರುವ ಸಣ್ಣ ತೂತು) ಕಟ್ಟಿ, ಆ ಸಿಲಿಂಡರ್‌ಗೆ ಪೆಟ್ರೋಲ್ ಜೊತೆ ಆಯಿಲ್ಲೂ ಕಡಿಮೆಯಾಯಿತಾ? ಕಾರಣ ಸಿಗದೆ ರೀಬಿಲ್ಡ್ ಮಾಡಿಸಿದರೆ ಹೊಸ ಪಿಸ್ಟನ್ನೂ ಅದೇ ದಾರಿ ಹಿಡಿಯುತ್ತದೆ. ಈ ಪ್ರಶ್ನೆ ಕೇಳದ ಮೆಕ್ಯಾನಿಕ್‌ಗೆ ನಾನಂತೂ ಎಂಜಿನ್ ಕೊಡುವುದಿಲ್ಲ.

ಉಪ್ಪುನೀರು:
ಖರ್ಚು ಮಾಡುವ ಮೊದಲು ಪ್ರೊಪೆಲ್ಲರ್ ಇರುವ ಕೆಳಗಿನ ಗೇರ್‌ಕೇಸ್ ಆಯಿಲ್ ಇಳಿಸಿ ನೋಡಿ. ಹಾಲಿನ ಬಣ್ಣ ಇದ್ದರೆ ನೀರು ಸೇರಿದೆ, ಸೀಲ್ ಹೋಗಿದೆ. ಲೋಹದ ಚೂರು ಬಂದರೆ ಅದೂ ದೊಡ್ಡ ಕೆಲಸ. ಸಮುದ್ರದಲ್ಲಿ ಓಡಿದ ಎಂಜಿನ್ ಆದರೆ ಬ್ಲಾಕಿನ ನೀರಿನ ಜಾಗಗಳು ತಿಂದುಹೋಗಿವೆಯಾ ನೋಡಲೇಬೇಕು. ತಿಂದುಹೋಗಿದ್ದರೆ ಬೋರ್ ಎಷ್ಟು ಚೆನ್ನಾಗಿದ್ದರೂ ಬಿಟ್ಟುಬಿಡಿ.

ಎಲ್ಲಿ ಕೊಡಬೇಕು ಅಂದರೆ, ಬೋರಿಂಗ್ ಎಲ್ಲಿ ಮಾಡಿಸುತ್ತೀರಿ, ಅಳತೆ ಬರೆದು ಕೊಡುತ್ತೀರಾ, ಹಳೇ ಭಾಗ ವಾಪಸ್ ಕೊಡುತ್ತೀರಾ ಅಂತ ಕೇಳಿ. ಮೂರಕ್ಕೂ ಹೂಂ ಅಂದವರ ಅಂಗಡಿ ಸ್ವಲ್ಪ ದೂರ ಇದ್ದರೂ ಪರವಾಗಿಲ್ಲ, ಹೊತ್ತುಕೊಂಡು ಹೋಗಿ.

ದೋಣಿಪ್ರಿಯ:
ಎಲ್ಲರಿಗೂ ಥ್ಯಾಂಕ್ಸ್. ಹೆಡ್ ಬಿಚ್ಚಿಸಿದೆ. ಗ್ಯಾಸ್ಕೆಟ್ ಸರಿ ಇದೆ, ಮೇಲಿನ ಬೋರ್‌ನಲ್ಲಿ ಆಳದ ಗೀರು. ನೀರಿನ ಜಾಗಗಳು ಚೆನ್ನಾಗಿವೆ, ಗೇರ್ ಆಯಿಲ್ ಶುದ್ಧ. ಇಂಪೆಲ್ಲರ್‌ನ ಎರಡು ರೆಕ್ಕೆ ಮುರಿದಿವೆ, ಕಾರಣ ಅದೇ ಅನ್ನಿಸುತ್ತದೆ. ಓವರ್‌ಸೈಜ್ ಪಿಸ್ಟನ್ ಸಿಗುತ್ತದೆ. ಕೇಸ್ ಬಿಡಿಸುತ್ತೇನೆ ಅಂದ ಬೇರೊಬ್ಬರಿಗೆ ಕೊಡುತ್ತಿದ್ದೇನೆ.

ಹಳೇಮೆಕ್ಯಾನಿಕ್:
ಒಳ್ಳೆಯದಾಯಿತು. ಆ ಎರಡು ರೆಕ್ಕೆಗಳ ಚೂರು ಸಿಕ್ಕವಾ? ಸಿಕ್ಕಿಲ್ಲ ಅಂದರೆ ಮೇಲೆ ಹೋಗುವ ನೀರಿನ ಪೈಪ್‌ನಲ್ಲೋ ಥರ್ಮೋಸ್ಟಾಟ್ ಹತ್ತಿರವೋ ಸಿಕ್ಕಿಕೊಂಡಿರುತ್ತವೆ. ಜೋಡಿಸುವ ಮೊದಲು ಹುಡುಕಿಸಿ, ಪೂರ್ತಿ ರಬ್ಬರ್ ಲೆಕ್ಕಕ್ಕೆ ಸಿಗುವವರೆಗೆ ಮುಚ್ಚಲು ಬಿಡಬೇಡಿ.