ಅಪ್‌ಡೇಟ್: ಡಿಸ್ಕವರಿ ಆದೇಶ ಪಾಲಿಸದ ಕಾರಣ ನನ್ನ ದಾವೆ ವಜಾ ಆಯಿತು

ಅಮೆರಿಕದ ಫೆಡರಲ್ ಜಿಲ್ಲಾ ನ್ಯಾಯಾಲಯದಲ್ಲಿ ನಾನು ಹೂಡಿದ್ದ ಸಿವಿಲ್ ದಾವೆಯಲ್ಲಿ, ಡಿಸ್ಕವರಿಯಲ್ಲಿ (ವಿಚಾರಣೆಗೆ ಮುನ್ನ ಎರಡೂ ಪಕ್ಷಗಳು ಪರಸ್ಪರ ದಾಖಲೆ, ಮಾಹಿತಿ ಕೊಡುವ ಹಂತ) ಎದುರು ಪಕ್ಷದವರು ಕೇಳಿದ, ನ್ಯಾಯಾಲಯವೂ ಕೊಡುವಂತೆ ಆದೇಶಿಸಿದ ಇಮೇಲ್‌ಗಳನ್ನು ಗಡುವಿನೊಳಗೆ ಕೊಡದಿದ್ದರೆ ಏನಾಗಬಹುದೆಂದು ಹಿಂದೆ ಇಲ್ಲಿ ಕೇಳಿದ್ದೆ. ಹೆಚ್ಚೆಂದರೆ ದಂಡ ಬೀಳುತ್ತದೆ ಎಂದುಕೊಂಡಿದ್ದೆ. ದಾವೆಯೇ ವಜಾ ಆಗಿದೆ.

ಇಂತಹ ಆದೇಶ ಪಾಲಿಸದಿದ್ದರೆ, ಫೆಡರಲ್ ಸಿವಿಲ್ ಪ್ರಕ್ರಿಯಾ ನಿಯಮ 37(ಬಿ) ಪ್ರಕಾರ ನ್ಯಾಯಾಧೀಶರು ಎದುರು ಪಕ್ಷದ ವಕೀಲರ ಶುಲ್ಕ ಭರಿಸುವಂತೆ ಹೇಳಬಹುದು, ವಿವಾದದ ಅಂಶಗಳನ್ನು ಸಾಬೀತಾದವೆಂದೇ ಪರಿಗಣಿಸಬಹುದು, ಸಾಕ್ಷ್ಯ ಮಂಡಿಸದಂತೆ ತಡೆಯಬಹುದು ಅಥವಾ ದಾವೆಯನ್ನೇ ವಜಾ ಮಾಡಬಹುದು. ಪಾಲಿಸಲು ಸಾಧ್ಯವೇ ಇಲ್ಲದವರ ದಾವೆಯನ್ನು ಹೀಗೆ ವಜಾ ಮಾಡಬಾರದೆಂದು ಸುಪ್ರೀಂ ಕೋರ್ಟ್ 1958ರಲ್ಲಿ ಹೇಳಿದ್ದನ್ನೇ ನಾನು ಆಸರೆಯಾಗಿ ಹಿಡಿದಿದ್ದೆ. ಆದರೆ ಲ್ಯಾಪ್‌ಟಾಪ್ ಕೆಟ್ಟಿದೆ, ಇಮೇಲ್ ತೆರೆಯಲಾಗುತ್ತಿಲ್ಲ ಎಂದು ನಾನು ಬರೆದುಕೊಟ್ಟ ವಾರವೇ ಅದೇ ಖಾತೆಯಿಂದ ಕಳುಹಿಸಿದ್ದ ಸಂದೇಶವೊಂದನ್ನು ಎದುರು ಪಕ್ಷದ ವಕೀಲರು ನ್ಯಾಯಾಧೀಶರ ಮುಂದಿಟ್ಟರು. ಆ ಹಾಳೆ ನೋಡಿದಾಗ ನನ್ನ ವಕೀಲರೂ ತಲೆ ತಗ್ಗಿಸಿದರು. ಹದಿನೇಳು ತಿಂಗಳು ಪ್ರಶ್ನಾವಳಿಗೆ ಸರಿಯಾಗಿ ಉತ್ತರಿಸದ ಹಾಕಿ ಕ್ಲಬ್ಬಿನ ದಾವೆಯ ವಜಾವನ್ನು ಸುಪ್ರೀಂ ಕೋರ್ಟ್ 1976ರಲ್ಲಿ ಎತ್ತಿಹಿಡಿದದ್ದನ್ನು ಆದೇಶದಲ್ಲಿ ಉಲ್ಲೇಖಿಸಲಾಗಿದೆ.

ಹೊಸದಾಗಿ ದಾವೆ ಹೂಡಬಹುದಲ್ಲವೇ ಎಂದು ಕೆಲವರು ಕೇಳಿದ್ದಿರಿ. ಆಗುವುದಿಲ್ಲ. ಆದೇಶದಲ್ಲಿ ಬೇರೆ ರೀತಿ ಹೇಳದಿದ್ದರೆ, ನಿಯಮ 41(ಬಿ) ಪ್ರಕಾರ ಇಂತಹ ವಜಾ ಪ್ರಕರಣದ ಗುಣಾವಗುಣಗಳ ಮೇಲಿನ ತೀರ್ಪಿಗೇ ಸಮ. ಮೇಲ್ಮನವಿಯ ನೋಟಿಸ್ ಸಲ್ಲಿಸಲು 30 ದಿನಗಳಿವೆ, ಆದರೆ ಅಲ್ಲಿ ಪರಿಶೀಲಿಸುವುದು ಕೆಳ ನ್ಯಾಯಾಲಯ ತನ್ನ ವಿವೇಚನಾಧಿಕಾರವನ್ನು ದುರುಪಯೋಗಪಡಿಸಿಕೊಂಡಿತೇ ಎಂಬುದನ್ನು ಮಾತ್ರ. ಆ ಹಾಳೆ ಕಡತದಲ್ಲಿರುವಾಗ ಮೇಲ್ಮನವಿ ಬೇಡವೆಂದು ನಿರ್ಧರಿಸಿದ್ದೇನೆ.