ಮುಂದೇನು ಅನ್ನೋ ಚಿಂತೆ: ಮನೋವೈದ್ಯೆ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು ಮನೋವೈದ್ಯೆ ಮೇಡಂ ನಮ್ಮ ಮಲೆನಾಡು ಗುಂಪಿನಲ್ಲಿ ಇದ್ದಾರೆ. ಅಡಿಕೆಯ ಎಲೆಚುಕ್ಕೆ ರೋಗ, ಸಾಲ, ಕೆಲಸ, ಮಕ್ಕಳ ಓದು, ಯಾವುದರ ಚಿಂತೆ ಇದ್ದರೂ ಕೇಳಿ. ದಯವಿಟ್ಟು ಫಾರ್ವರ್ಡ್ ಬೇಡ.

ತೀರ್ಥಹಳ್ಳಿಯವ, ಈಗ ಬೆಂಗಳೂರು: ಮೇಡಂ, ನಮ್ಮ ಆಫೀಸಿನಲ್ಲಿ ಜನರನ್ನು ತೆಗೆಯುತ್ತಿದ್ದಾರೆ. ನನಗೆ ಇನ್ನೂ ಏನೂ ಹೇಳಿಲ್ಲ. ಆದರೆ ದಿನವಿಡೀ ಅದೇ ಯೋಚನೆ. ಮನೆ ಸಾಲ ಬೇರೆ ಇದೆ.

ಡಾಕ್ಟರ್: ಯೋಚನೆ ಮಾಡಬೇಡಿ ಅಂತ ಹೇಳಲ್ಲ, ಅದು ಯಾರಿಗೂ ಆಗಲ್ಲ. ಸಂಜೆ ಅರ್ಧ ಗಂಟೆ ಅದಕ್ಕೇ ಅಂತ ಇಡಿ. ಮಲಗುವ ಹೊತ್ತಿಗೆ ಮಾತ್ರ ಬೇಡ. ಬೇರೆ ಹೊತ್ತಲ್ಲಿ ಬಂದರೆ ಒಂದು ಸಾಲು ಬರೆದಿಟ್ಟು ಕೆಲಸಕ್ಕೆ ವಾಪಸ್ ಹೋಗಿ. ಸಂಜೆ ಕೂತಾಗ ಬರೆದದ್ದನ್ನು ಎರಡು ಪಾಲು ಮಾಡಿ. ರೆಸ್ಯೂಮೆ ತಿದ್ದೋದು, ಕೆಲವು ತಿಂಗಳ ಇಎಂಐ ಎತ್ತಿಡೋದು, ಇವು ಈ ವಾರ ನಿಮ್ಮ ಕೈಯಲ್ಲಿ ಆಗುವಂಥವು. ಯಾವ ದಿನ ಮಾಡ್ತೀರಿ ಅಂತಲೂ ಬರೆಯಿರಿ. 'ಹಾಗಾದರೆ ಏನು ಗತಿ' ಅನ್ನೋದಕ್ಕೆ ಇವತ್ತು ಉತ್ತರ ಇಲ್ಲ. ಅದು ಹಾಳೆಯಲ್ಲೇ ಇರಲಿ. ಕಾಫಿ ಎಷ್ಟು ಲೋಟ? ಕಡಿಮೆ ಮಾಡಿ.

ಹಾಸನದ ಅಮ್ಮ: ಮೇಡಂ, ಅಶ್ವಗಂಧ ತಗೊಂಡರೆ ಚಿಂತೆ ಹೋಗುತ್ತಂತೆ, ಹೌದಾ?

ಡಾಕ್ಟರ್: ನೀವಾಗೇ ಶುರು ಮಾಡಬೇಡಿ. ಕೆಲವರಿಗೆ ಲಿವರ್ ತೊಂದರೆ ಆಗಿದೆ. ಥೈರಾಯ್ಡ್ ಮಾತ್ರೆ ತಗೊಳ್ಳುವವರಂತೂ ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ತೋಟದ ಮನೆ: ಸಂಬಳದವರದ್ದೂ ಒಂದು ಚಿಂತೆಯಾ? ಅಡಿಕೆ ಸೋಗೆಯೆಲ್ಲ ಒಣಗಿ ನಿಂತಿದೆ. ಕಡಿದು ಹೊಸ ಸಸಿ ಇಟ್ಟರೆ ಫಸಲಿಗೆ ಐದಾರು ವರ್ಷ ಕಾಯಬೇಕು. ಅಲ್ಲೀವರೆಗೆ ಏನು ತಿನ್ನೋದು?

ತೀರ್ಥಹಳ್ಳಿಯವ: ಅಣ್ಣ, ನನ್ನ ಸಂಬಳದಲ್ಲೇ ಅಪ್ಪನ ತೋಟಕ್ಕೆ ಔಷಧಿ ಹೊಡೆಸೋದು. ಸುಮ್ನೆ ಮಾತಾಡಬೇಡಿ.

ತೋಟದ ಮನೆ: ಹಾಗಾದ್ರೆ ಊರಿಗೆ ಬಂದು ನೀವೇ ಹೊಡೆಯಿರಿ.

ಕೊಪ್ಪದಿಂದ: ಮೇಡಂ, ನಮ್ಮನೆಯವರ ಬಗ್ಗೆ. ಎರಡು ವರ್ಷದಿಂದ ತೋಟ ಕೈಕೊಟ್ಟಿದೆ, ಸೊಸೈಟಿ ಸಾಲ ಇದೆ. ನಿದ್ದೆ ಬರಲ್ಲ ಅಂತ ಯಾರೋ ಹೇಳಿದ ಆಲ್ಪ್ರಜೋಲಾಂ ಗುಳಿಗೆ ತಂದು ಆರು ತಿಂಗಳಿಂದ ನುಂಗ್ತಿದ್ದರು. ಅದು ಚಟ ಆಗುತ್ತೆ ಅಂತ ಗುಂಪಲ್ಲಿ ಬಂದಿದ್ದು ನೋಡಿ ಮೊನ್ನೆ ಪೂರ್ತಿ ನಿಲ್ಲಿಸಿದರು. ಈಗ ಕೈ ನಡುಗುತ್ತೆ, ಮೈಯೆಲ್ಲ ಬೆವರು. ನಿನ್ನೆ 'ನಾನಿಲ್ಲದಿದ್ದರೆ ನಿಮಗಾದ್ರೂ ನೆಮ್ಮದಿ' ಅಂದರು. ಬೇಜಾರಿಗೆ ಅಂದಿರಬೇಕು ಅಲ್ವಾ?

ಡಾಕ್ಟರ್: ಅಮ್ಮಾ, ಬೇಜಾರಿಗೆ ಅಂದದ್ದು ಅಂತ ಬಿಡಬೇಡಿ. ಎರಡು ವಿಷಯ ಇದೆ, ಎರಡೂ ಇವತ್ತಿನವು.

ಮೊದಲು ಗುಳಿಗೆ. ತಿಂಗಳುಗಟ್ಟಲೆ ತಗೊಂಡದ್ದನ್ನು ಒಮ್ಮೆಲೇ ಬಿಟ್ಟರೆ ನಡುಕ, ಬೆವರು, ನಿದ್ದೆಗೇಡು ಬರುತ್ತೆ. ಫಿಟ್ಸ್ ಕೂಡ ಬರಬಹುದು. ಅದಕ್ಕೇ ಇದನ್ನು ಡಾಕ್ಟರು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾರೆ. ನೀವೇ ಲೆಕ್ಕ ಹಾಕಿ ಕೊಡಬೇಡಿ. ಈಗಲೇ ಹತ್ತಿರದ ಆಸ್ಪತ್ರೆಗೆ ಕರಕೊಂಡು ಹೋಗಿ. ಅವರು ಬೈಕ್ ಓಡಿಸೋದು ಬೇಡ. ಫಿಟ್ಸ್ ಬಂದರೆ 108.

ಎರಡನೆಯದು ಆ ಮಾತು. 'ಸಾಯಬೇಕು ಅನ್ನಿಸುತ್ತಿದೆಯಾ' ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತೆ ಅನ್ನೋ ಭಯ ಬೇಡ, ಹಾಗಾಗಲ್ಲ. ಹೇಳಿಕೊಳ್ಳೋಕೆ ಒಬ್ಬರು ಸಿಕ್ಕರು ಅಂತ ಎಷ್ಟೋ ಜನಕ್ಕೆ ಭಾರ ಇಳಿಯುತ್ತೆ. ತೋಟದ ಔಷಧಿ, ಉಳಿದ ಗುಳಿಗೆ ಎಲ್ಲ ಬೇರೆ ಮನೆಗೆ ಸಾಗಿಸಿ. ಅವರನ್ನು ಒಬ್ಬರೇ ಬಿಡಬೇಡಿ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ದುಡ್ಡಿಲ್ಲ, ರಾತ್ರಿಯೂ ಸಿಗುತ್ತಾರೆ. ಆದರೆ ಫೋನ್ ಮಾಡಿ ಸುಮ್ಮನಾಗಬೇಡಿ, ಆಸ್ಪತ್ರೆಗೆ ಹೋಗಲೇಬೇಕು.

ತೋಟ ಹಾಳಾದದ್ದು ನಿಜ, ಸಾಲವೂ ನಿಜ. ಕಾರಣ ನಿಜವಾಗಿದ್ದರೆ ಚಿಕಿತ್ಸೆ ಬೇಡ ಅಂತಲ್ಲ. ನಿದ್ದೆ ಬಂದು ತಲೆ ನೆಟ್ಟಗಾದ ಮೇಲೆ ಸೊಸೈಟಿಯವರ ಹತ್ತಿರ ಕೂತು ಮಾತಾಡಬಹುದು. ಕುಡಿಯುತ್ತಾರಾ? ಹೇಳಿ.

ಮಾವಿನಕೆರೆ: *ಫಾರ್ವರ್ಡ್* ಮಲಗುವಾಗ ಒಂದು ಇಡೀ ಜಾಯಿಕಾಯಿ ಹಾಲಿನಲ್ಲಿ ತೇದು ಕುಡಿಯಿರಿ. ಗುಳಿಗೆ ಬಿಸಾಡಿ!!

ಡಾಕ್ಟರ್: ತೆಗೆಯಿರಿ ಇದನ್ನು. ಜಾಯಿಕಾಯಿ ಜಾಸ್ತಿಯಾದರೆ ಎದೆ ಹೊಡೆದುಕೊಳ್ಳುತ್ತೆ, ಇಲ್ಲದ್ದು ಕಾಣಿಸುತ್ತೆ. 'ಗುಳಿಗೆ ಬಿಸಾಡಿ' ಅನ್ನೋ ಮಾತಿಂದ ಏನಾಗುತ್ತೆ ಅಂತ ಮೇಲೆ ಓದಿದಿರಾ?

ಮಾವಿನಕೆರೆ: ನಮ್ಮಜ್ಜಿ ಕೊಡ್ತಿದ್ದರು. ನಿಮಗೆ ಇಂಗ್ಲಿಷ್ ಮದ್ದು ಬಿಟ್ಟರೆ ಬೇರೆ ಗೊತ್ತಿಲ್ಲ.

ಡಾಕ್ಟರ್: ಅಜ್ಜಿ ಮಗುವಿಗೆ ಒಂದು ಸುತ್ತು ತೇದು ಹಾಕುತ್ತಿದ್ದರು. ನೀವು ಇಡೀ ಕಾಯಿ ಬರೆದಿದ್ದೀರಿ.

ಸಾಗರದ ಮೇಷ್ಟ್ರು: ಸಾಡೇಸಾತಿ ಇರುವವರಿಗೆ ಹೀಗಾಗೋದು. ಜಾತಕ ತೋರಿಸಿ ಶಾಂತಿ ಮಾಡಿಸಲಿ.

ತೋಟದ ಮನೆ: ಎಲೆಚುಕ್ಕೆ ಶಿಲೀಂಧ್ರದಿಂದ ಬರೋದು, ಶನಿಯಿಂದ ಅಲ್ಲ ಮೇಷ್ಟ್ರೇ.

ಸಾಗರದ ಮೇಷ್ಟ್ರು: ದೊಡ್ಡವರ ಹತ್ತಿರ ಹೀಗಾ ಮಾತಾಡೋದು?

ಅಡ್ಮಿನ್: ಇಬ್ಬರೂ ನಿಲ್ಲಿಸಿ. ಕೊಪ್ಪದ ಅಮ್ಮನ ಪ್ರಶ್ನೆ ಮೇಲಕ್ಕೆ ಹೋಗ್ತಿದೆ.

ಪಿಯುಸಿ ಅಪ್ಪ: ಮಗಳು ನೀಟ್ ಫಲಿತಾಂಶ ಅಂದರೆ ಊಟ ಬಿಡ್ತಾಳೆ. ಏನು ಮಾಡೋದು?

ಚಿಕ್ಕಮಗಳೂರು: ಅಶ್ವಗಂಧ ಪುಡಿ ಒಳ್ಳೆಯದಾ ಮಾತ್ರೆಯಾ?

ಡಾಕ್ಟರ್: ಉತ್ತರ ಮೇಲಿದೆ.

ತೀರ್ಥಹಳ್ಳಿಯವ: ನಾನು ಮನೋವೈದ್ಯರ ಹತ್ತಿರ ಹೋದರೆ ಆಫೀಸಿಗೆ ಗೊತ್ತಾಗುತ್ತಾ?

ಡಾಕ್ಟರ್: 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ನಿಮ್ಮ ಒಪ್ಪಿಗೆ ಇಲ್ಲದೆ ಡಾಕ್ಟರು ಆಫೀಸಿಗೆ ಹೇಳುವಂತಿಲ್ಲ. ಹೋಗಿ.

ಚಿಕ್ಕಮಗಳೂರು: ಮೇಡಂ, ಪುಡಿಯಾ ಮಾತ್ರೆಯಾ ಅಂತ ಕೇಳಿದ್ದು.

ಡಾಕ್ಟರ್: ಎರಡೂ ಬೇಡ. ಇದನ್ನು ಮತ್ತೆ ಕೇಳಬೇಡಿ. ಕೊಪ್ಪದ ಅಮ್ಮ ಎಲ್ಲಿ? ಯಾರಿಗಾದರೂ ಅವರ ಮನೆ ಗೊತ್ತಾ?

ತೋಟದ ಮನೆ: ನನಗೆ ಗೊತ್ತು ಮೇಡಂ. ಜೀಪು ತಗೊಂಡು ಹೊರಟೆ.

ಕೊಪ್ಪದಿಂದ: ಇಲ್ಲೇ ಇದ್ದೀನಿ ಮೇಡಂ. ಕೇಳಿದೆ. ಹೌದು ಅಂದು ಅತ್ತರು. ಕುಡಿತ ಇದೆ, ವಾರಕ್ಕೆ ಎರಡು ಸಲ. ಆಸ್ಪತ್ರೆಗೆ ಬರ್ತೀನಿ ಅಂದಿದ್ದಾರೆ. ಗುಳಿಗೆ ಶೀಟು ತಗೊಂಡು ಹೋಗಬೇಕಾ?

ಡಾಕ್ಟರ್: ಹೌದು, ಶೀಟು ಬೇಕು. ದಿನಕ್ಕೆ ಎಷ್ಟು ನುಂಗುತ್ತಿದ್ದರು, ಯಾವತ್ತು ನಿಲ್ಲಿಸಿದರು, ಕುಡಿತ, ನಿನ್ನೆ ಆಡಿದ ಮಾತು, ಇವತ್ತು ಹೌದು ಅಂದದ್ದು, ಎಲ್ಲ ಅಲ್ಲಿನ ಡಾಕ್ಟರಿಗೆ ಹೇಳಿ. ಮುಚ್ಚಿಡಬೇಡಿ. ಜೀಪು ಬರುವವರೆಗೆ ಅವರ ಪಕ್ಕದಲ್ಲೇ ಇರಿ. ಮುಟ್ಟಿದ ಮೇಲೆ ನನಗೆ ಮೆಸೇಜ್ ಹಾಕಿ.